ಹಿಮಪಾದುಕೆಯ ಸ್ವಾಮಿಗಳು: ಧರ್ಮಾಧ್ಯಕ್ಷ ಫ್ರೆಡರಿಕ್ ಬರಾಗಾ

ಪ್ರತಿಮೆಯ ಕೈಯಲ್ಲಿರುವ ವಸ್ತುವನ್ನು ನೋಡಿಯೇ ನಾವು ಸಂತರನ್ನು ಗುರುತಿಸುತ್ತೇವೆ. ಸಂತ ಪೇತ್ರರ ಕೈಯಲ್ಲಿ ಬೀಗದ ಕೈಗಳು, ಸಂತ ಜೋಸೆಫರ ಕೈಯಲ್ಲಿ ಲಿಲ್ಲಿ ಹೂ, ಸಂತ ಅಂತೋಣಿಯವರ ತೋಳಿನಲ್ಲಿ ಬಾಲಯೇಸು. ಅಮೆರಿಕಾದ ಮಿಷಿಗನ್ ರಾಜ್ಯದ ಉತ್ತರ ಭಾಗದಲ್ಲಿ, ಲಾನ್ಸ್ ಎಂಬ ಊರಿನ ಬಳಿ, 1972ರಲ್ಲಿ ಸ್ಥಾಪಿಸಲಾದ ಭಾರಿ ಲೋಹದ ಪ್ರತಿಮೆಯೊಂದಿದೆ. ಅದರ ಒಂದು ಕೈಯಲ್ಲಿ ಶಿಲುಬೆ. ಇನ್ನೊಂದು ಕೈಯಲ್ಲಿ ಸುಮಾರು 8 ಮೀಟರ್ ಉದ್ದದ, ಬಲೆ ಹೆಣೆದ ಎರಡು ಚೌಕಟ್ಟುಗಳು. ಅವು ಹಿಮದ ಮೇಲೆ ನಡೆಯಲು ಕಾಲಿಗೆ ಕಟ್ಟಿಕೊಳ್ಳುವ ಪಾದುಕೆಗಳು. ಇಂಗ್ಲಿಷಿನಲ್ಲಿ ಅವಕ್ಕೆ ಸ್ನೋಶೂ ಎನ್ನುತ್ತಾರೆ. ಅವನ್ನು ಹಿಡಿದು ನಿಂತವರು ಧರ್ಮಾಧ್ಯಕ್ಷ ಫ್ರೆಡರಿಕ್ ಬರಾಗಾ. ಆ ಸೀಮೆಯ ಜನ ಇವರನ್ನು ಹಿಮಪಾದುಕೆಯ ಪಾದ್ರಿ ಎಂದೇ ಕರೆಯುತ್ತಾರೆ.

ನಮ್ಮಲ್ಲಿ ಹೆಚ್ಚಿನವರು ಹಿಮವನ್ನು ಕಂಡಿರುವುದು ಕ್ಯಾಲೆಂಡರಿನಲ್ಲಿ ಮತ್ತು ಕ್ರಿಸ್ಮಸ್ ಕಾರ್ಡಿನಲ್ಲಿ. ಅದರಲ್ಲಿ ನಡೆಯುವುದು ಎಷ್ಟು ಕಷ್ಟವೆಂಬುದು ಚಿತ್ರದಲ್ಲಿ ಕಾಣುವುದಿಲ್ಲ. ಉಳುಮೆ ಮಾಡಿ ನೀರು ನಿಲ್ಲಿಸಿದ ಗದ್ದೆಗೆ ಇಳಿದವರಿಗೆ ಅದು ಸ್ವಲ್ಪ ತಿಳಿದೀತು. ಕಾಲಿಟ್ಟರೆ ಮೊಣಕಾಲಿನವರೆಗೆ ಹೂತುಹೋಗುತ್ತದೆ, ಎತ್ತಿ ಮುಂದಿಡುವಷ್ಟರಲ್ಲಿ ಇನ್ನೊಂದು ಕಾಲು ಹೂತಿರುತ್ತದೆ. ಅದೇ ಕೆಸರು ಸೊಂಟದೆತ್ತರ ಇದ್ದರೆ, ದಾರಿ 60–70 ಕಿಲೋಮೀಟರ್ ಇದ್ದರೆ, ಚಳಿ ಸೊನ್ನೆಗಿಂತ 20 ಡಿಗ್ರಿ ಕೆಳಗಿದ್ದರೆ? ಸುಪೀರಿಯರ್ ಸರೋವರದ ದಂಡೆಯ ಗುಡ್ಡಗಾಡು ಅಂಥದ್ದು. ಬೆಟ್ಟಗಳು ಎತ್ತರದವೇನಲ್ಲ. ಲಾನ್ಸ್ ಸಮೀಪದ ಆರ್ವನ್ ಶಿಖರವೇ ಆ ರಾಜ್ಯದಲ್ಲಿ ಎಲ್ಲಕ್ಕಿಂತ ಎತ್ತರ, ಅದೂ 603 ಮೀಟರ್ ಮಾತ್ರ. ಆದರೆ ಚಳಿಗಾಲದ ಒಣಗಾಳಿ ಹೆಪ್ಪುಗಟ್ಟದ ಸರೋವರದ ಮೇಲೆ ಬೀಸಿ ತೇವ ಹೀರಿಕೊಂಡು, ಆ ಗುಡ್ಡಗಳಿಗೆ ತಾಗಿದಾಗ ಎಲ್ಲವನ್ನೂ ಹಿಮವಾಗಿ ಸುರಿದುಬಿಡುತ್ತದೆ. ಅಲ್ಲಿನ ಕಿವೀನಾ ಪರ್ಯಾಯದ್ವೀಪದಲ್ಲಿ 1978–79ರ ಒಂದೇ ಚಳಿಗಾಲದಲ್ಲಿ ಸುಮಾರು 10 ಮೀಟರ್ ಹಿಮ ಬಿದ್ದ ದಾಖಲೆ ಇದೆ.

ಅಲ್ಲಿ ನಡೆದಾಡಲು ಬಂದವರು ಆ ನಾಡಿನವರಲ್ಲ. ಬರಾಗಾ ಹುಟ್ಟಿದ್ದು 1797ರ ಜೂನ್ 29ರಂದು, ಇಂದಿನ ಸ್ಲೊವೇನಿಯಾ ದೇಶದ ಮಾಲಾ ವಾಸ್ ಎಂಬ ಹಳ್ಳಿಯಲ್ಲಿ. ಅದು ಆಗ ಆಸ್ಟ್ರಿಯಾದ ಚಕ್ರವರ್ತಿಗಳ ಆಳ್ವಿಕೆಯಲ್ಲಿತ್ತು. ಜಮೀನು, ಮಹಲು ಎಲ್ಲ ಇದ್ದ ಕುಟುಂಬ. ಆದರೆ 1808ರಲ್ಲಿ ತಾಯಿ ತೀರಿಕೊಂಡರು, 1812ರಲ್ಲಿ ತಂದೆಯೂ ಹೋದರು. ಅನಾಥ ಬಾಲಕನನ್ನು ಲುಬ್ಲಿಯಾನಾ ನಗರದ ಡಾಕ್ಟರ್ ಡೋಲಿನಾರ್ ಎಂಬ ಪ್ರಾಧ್ಯಾಪಕರು ಮನೆಯಲ್ಲಿಟ್ಟುಕೊಂಡು ಬೆಳೆಸಿದರು. ಮುಂದೆ ಅವರ ಮಗಳು ಆನ್ನಾಳೊಂದಿಗೆ ಮದುವೆಯ ನಿಶ್ಚಯವೂ ಆಯಿತು. ಬರಾಗಾ ವಿಯೆನ್ನಾ ವಿಶ್ವವಿದ್ಯಾಲಯದಲ್ಲಿ ಐದು ವರ್ಷ ಕಾನೂನು ಓದಿದರು. ಕೈಯಲ್ಲಿ ಪದವಿ, ಊರಿನಲ್ಲಿ ಆಸ್ತಿ, ಕಾದಿರುವ ವಧು. ಇನ್ನೇನು ಬೇಕು?

ವಿಯೆನ್ನಾದಲ್ಲಿ ಅವರ ಪಾಪನಿವೇದನೆಯನ್ನು ಕೇಳುತ್ತಿದ್ದವರು ಕ್ಲೆಮೆಂಟ್ ಹಾಫ್‌ಬಾವರ್. ರೊಟ್ಟಿ ಸುಡುವ ಕೆಲಸದಿಂದ ಗುರುಪಟ್ಟಕ್ಕೆ ಏರಿ, 1909ರಲ್ಲಿ ಸಂತರೆಂದು ಘೋಷಿತರಾದವರು ಇವರೇ. ಈ ಮುದಿ ಗುರುವಿನ ಸಹವಾಸ ಕಾನೂನು ವಿದ್ಯಾರ್ಥಿಯ ಮನಸ್ಸನ್ನು ಬೇರೆ ಕಡೆಗೆ ತಿರುಗಿಸಿತು. 1821ರಲ್ಲಿ ಬರಾಗಾ ನಿಶ್ಚಿತಾರ್ಥವನ್ನು ಬಿಡಿಸಿಕೊಂಡು ಗುರುಮಠ ಸೇರಿದರು. ತಮ್ಮ ಪಾಲಿನ ಆಸ್ತಿಯನ್ನು ಸಹೋದರಿ ಅಮಾಲಿಯಾಳಿಗೆ ಕೊಟ್ಟರು. 1823ರ ಸೆಪ್ಟೆಂಬರ್ 21ರಂದು ಗುರುದೀಕ್ಷೆ ಪಡೆದರು. (ಆನ್ನಾಳ ಮನಸ್ಸಿಗೆ ಏನಾಗಿರಬೇಡ? ಇಂಥ ಕಥೆಗಳನ್ನು ಹೇಳುವಾಗ ಆ ಕಡೆಯವರ ನೋವನ್ನು ನಾವು ಬೇಗನೆ ದಾಟಿಬಿಡುತ್ತೇವೆ.)

ಊರಿನಲ್ಲಿ ಏಳು ವರ್ಷ ಸಹಾಯಕ ಗುರುವಾಗಿ ದುಡಿದರು. ಆ ಕಾಲದ ಅಲ್ಲಿನ ಅನೇಕ ಗುರುಗಳು ಪಾಪನಿವೇದನೆಯಲ್ಲಿ ಬಹಳ ಕಟ್ಟುನಿಟ್ಟಿನವರು, ಜನ ಹೆದರಿ ದೂರವಿರುತ್ತಿದ್ದರು. ಬರಾಗಾ ಮೃದುವಾಗಿ ಮಾತಾಡಿದರು. ಹಳ್ಳಿ ಹಳ್ಳಿಗಳಿಂದ ಜನ ಇವರಲ್ಲಿಗೇ ಬರತೊಡಗಿದ್ದು ಇತರ ಕೆಲವು ಗುರುಗಳಿಗೆ ಹಿಡಿಸಲಿಲ್ಲ. ಅಷ್ಟರಲ್ಲಿ, 1829ರಲ್ಲಿ, ಅಮೆರಿಕಾದ ಮಿಷನ್‌ಗಳಿಗೆ ನೆರವಾಗಲು ವಿಯೆನ್ನಾದಲ್ಲಿ ಲಿಯೋಪೋಲ್ಡಿನ್ ಸಂಘ ಆರಂಭವಾಯಿತು. ಅದರ ಆಶ್ರಯದಲ್ಲಿ ಹೊರಟ ಬರಾಗಾ 1830ರ ಡಿಸೆಂಬರ್ 31ರಂದು ನ್ಯೂಯಾರ್ಕ್ ತಲುಪಿದರು.

1831ರ ಮೇ 28ರಂದು ಮಿಷಿಗನ್ ಸರೋವರದ ದಡದ ಆರ್ಬರ್ ಕ್ರೋಶ್ ಎಂಬಲ್ಲಿಗೆ, ಒಟಾವಾ ಬುಡಕಟ್ಟಿನವರ ನಡುವೆ ಬಂದಾಗ ಅವರಿಗೆ 34 ತುಂಬುವುದರಲ್ಲಿತ್ತು. ಎರಡು ವರ್ಷಗಳಲ್ಲಿ 500ಕ್ಕೂ ಹೆಚ್ಚು ಜನ ದೀಕ್ಷಾಸ್ನಾನ ಪಡೆದರು. ಮರುವರ್ಷವೇ ಒಟಾವಾ ಭಾಷೆಯಲ್ಲಿ ಒಂದು ಜಪದ ಪುಸ್ತಕ ಬರೆದು ಡೆಟ್ರಾಯಿಟ್‌ನಲ್ಲಿ ಅಚ್ಚು ಹಾಕಿಸಿದರು. 1835ರಲ್ಲಿ ಇನ್ನೂ ಉತ್ತರಕ್ಕೆ, ಸುಪೀರಿಯರ್ ಸರೋವರದ ಒಂದು ದ್ವೀಪದಲ್ಲಿದ್ದ ಲಾ ಪಾಯಿಂಟ್ ಎಂಬ ತುಪ್ಪಳ ವ್ಯಾಪಾರದ ಠಾಣ್ಯಕ್ಕೆ ಹೋದರು. ಅಲ್ಲಿ ಓಜಿಬ್ವೆ ಜನ. 1837ರಲ್ಲಿ ಇನ್ನೊಬ್ಬ ಸಹೋದರಿ ಅಂತೋನಿಯಾ ಅಣ್ಣನಿಗೆ ನೆರವಾಗಲು ಸಾಗರ ದಾಟಿ ಬಂದರು. ಎರಡು ವರ್ಷಗಳಲ್ಲಿ ಅವರ ಆರೋಗ್ಯ ಕೆಟ್ಟಿತು, ಅಲ್ಲಿಂದ ಹೊರಟುಹೋದರು. ಅಣ್ಣ ಉಳಿದರು.

ಇಲ್ಲಿಯೇ ಅವರು ಹೊಸದಾಗಿ ನಡೆಯಲು ಕಲಿತದ್ದು. ಬೂದಿಮರದ ಸೀಳನ್ನು ಆವಿಯಲ್ಲಿ ಮೆದುಮಾಡಿ ಬಗ್ಗಿಸಿ ಚೌಕಟ್ಟು ಮಾಡುತ್ತಾರೆ. ಅದರ ನಡುವೆ ಹಸಿ ತೊಗಲಿನ ದಾರವನ್ನು ಹಗ್ಗದ ಮಂಚ ಹೆಣೆದಂತೆ ಹೆಣೆಯುತ್ತಾರೆ. ನೋಡಲು ಉದ್ದನೆಯ ಮೊರದ ಹಾಗೆ. ದೇಹದ ಭಾರ ಅಷ್ಟಗಲಕ್ಕೆ ಹಂಚಿಹೋಗುವುದರಿಂದ ಕಾಲು ಹೂಳುವುದಿಲ್ಲ. ಬೆರಳಿನ ಭಾಗವನ್ನು ಮಾತ್ರ ಕಟ್ಟುತ್ತಾರೆ, ಹಿಮ್ಮಡಿ ಬಿಡುವಾಗಿರುತ್ತದೆ. ಹೆಜ್ಜೆ ಹಾಕುವಾಗ ಮುಂಭಾಗವನ್ನು ಎತ್ತಿ, ಕಾಲುಗಳನ್ನು ಅಗಲಿಸಿ, ಒಂದರ ಅಂಚನ್ನು ಇನ್ನೊಂದು ತುಳಿಯದಂತೆ ನಡೆಯಬೇಕು. ತಪ್ಪಿದರೆ ಮೂಗು ಹಿಮದಲ್ಲಿ! ಗಟ್ಟಿ ಬೂಟು ಹಾಕಿದರೆ ಬಲೆ ಕತ್ತರಿಸಿಹೋಗುತ್ತದೆ. ಜಿಂಕೆಯ ತೊಗಲಿನ ಮೆದು ಚಪ್ಪಲಿ, ಒಳಗೆ ಉಣ್ಣೆಯ ಬಟ್ಟೆ, ಇಷ್ಟೇ. ಮೊದಲ ದಿನಗಳಲ್ಲಿ ಕಣಕಾಲಿನ ನರಗಳು ಬಾತು ಹೆಜ್ಜೆ ಹೆಜ್ಜೆಗೂ ಪ್ರಾಣ ಹಿಂಡುತ್ತವೆ. ಫ್ರೆಂಚ್ ತುಪ್ಪಳ ವ್ಯಾಪಾರಿಗಳು ಈ ಕಾಯಿಲೆಗೆ ಬೇರೆ ಹೆಸರನ್ನೇ ಇಟ್ಟಿದ್ದರು. ಹೊಸ ಹಿಮದಲ್ಲಿ ಮುಂದೆ ನಡೆಯುವವನಿಗೇ ಹೆಚ್ಚು ಶ್ರಮ. ಅವನು ತುಳಿದ ಜಾಡಿನಲ್ಲಿ ಹಿಂದಿನವರು ಸುಲಭವಾಗಿ ಬರುತ್ತಾರೆ. ಆದ್ದರಿಂದ ಸರದಿಯಂತೆ ಮುಂದೆ ನಡೆಯುವುದು ವಾಡಿಕೆ.

ಕಲಿಸಿದವರು ಯಾರು? ಶುಭಸಂದೇಶ ಕಲಿಸಲೆಂದು ಬಂದ ಪಂಡಿತರಿಗೆ, ಆ ಪಂಡಿತರು ಯಾರಿಗಾಗಿ ಬಂದರೋ ಅವರೇ ನಡಿಗೆ ಕಲಿಸಿದರು. ಮಾತು ಕಲಿಸಿದವರೂ ಅವರೇ. ವಿಯೆನ್ನಾದ ಪದವೀಧರರು ಹಿಮದಲ್ಲಿ ಮಗುವಿನಂತೆ ತಪ್ಪುಹೆಜ್ಜೆ ಹಾಕಿ ಬಿದ್ದೆದ್ದು ನಡಿಗೆ ಕಲಿತಿರಬೇಕು. ಬೇರೆ ದಾರಿಯೇ ಇರಲಿಲ್ಲ. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ದೋಣಿ ಹಡಗುಗಳು ನಿಂತುಹೋಗುತ್ತಿದ್ದವು, ರಸ್ತೆ ಎಂಬುದಿರಲಿಲ್ಲ, ಕುದುರೆ ನಡೆಯಲಾರದು. ಆದರೆ ಜನ ಚಳಿಗಾಲದಲ್ಲೂ ಹುಟ್ಟುತ್ತಾರೆ, ಚಳಿಗಾಲದಲ್ಲೂ ಸಾಯುತ್ತಾರೆ.

1843ರಲ್ಲಿ ಅವರು ಲಾನ್ಸ್‌ಗೆ ಬಂದ ಮೇಲೆ ಈ ನಡಿಗೆ ಇನ್ನಷ್ಟು ಹೆಚ್ಚಿತು. ಅದೇ ಸುಮಾರಿಗೆ ಕಿವೀನಾ ಗುಡ್ಡಗಳಲ್ಲಿ ತಾಮ್ರದ ಗಣಿಗಳು ತೆರೆದುಕೊಂಡವು. ಐರಿಷರು, ಜರ್ಮನರು, ಫ್ರೆಂಚರು ಕೂಲಿಗೆ ಬಂದು ಕಾಡಿನ ನಡುವೆ ನೆಲೆಸಿದರು. ಅವರಿಗೆ ಗುರುಗಳಿಲ್ಲ. ಬರಾಗಾ ಬಲಿಪೂಜೆಯ ಸಾಮಗ್ರಿ, ಕಂಬಳಿ, ಒಂದಿಷ್ಟು ಆಹಾರವನ್ನು ಬೆನ್ನಿಗೆ ಕಟ್ಟಿಕೊಂಡು ಗಣಿಯಿಂದ ಗಣಿಗೆ ಹೊರಡುತ್ತಿದ್ದರು. ಒಂದು ಕಡೆ ಜರ್ಮನ್, ಇನ್ನೊಂದು ಕಡೆ ಫ್ರೆಂಚ್, ಮತ್ತೊಂದು ಕಡೆ ಇಂಗ್ಲಿಷ್, ಮರಳಿ ಬಂದಾಗ ಓಜಿಬ್ವೆ ಭಾಷೆಯಲ್ಲಿ ಬೋಧನೆ. ಕತ್ತಲಾದರೆ ಪಾದುಕೆಯನ್ನೇ ಗುದ್ದಲಿಯಂತೆ ಬಳಸಿ ಹಿಮ ತೋಡಿ, ದೇವದಾರುವಿನಂಥ ಮರಗಳ ಎಲೆಗೊಂಬೆ ಹಾಸಿ, ಬೆಂಕಿ ಹಾಕಿ ಬಯಲಿನಲ್ಲೇ ಮಲಗುವುದು. ಯುರೋಪಿನಲ್ಲಿ ಹಣ ಕೂಡಿಸಿ ಕಳಿಸುತ್ತಿದ್ದವರಿಗೆ ಅವರು ಬರೆದ ಪತ್ರಗಳಲ್ಲಿ ಇದೆಲ್ಲ ಸಾಮಾನ್ಯ ಸಂಗತಿಯಂತೆ ಬರುತ್ತದೆ. ಬೆಳಗಿನ ಮೂರು–ನಾಲ್ಕು ಗಂಟೆಗೇ ಎದ್ದು ಪ್ರಾರ್ಥಿಸುವ ಅಭ್ಯಾಸವನ್ನು ಇಂಥ ರಾತ್ರಿಗಳ ನಂತರವೂ ಅವರು ಬಿಡಲಿಲ್ಲ.

ಅವರ ಚರಿತ್ರೆಯನ್ನು 1900ರಲ್ಲಿ ಬರೆದು ಪ್ರಕಟಿಸಿದ ಫ್ರಾನ್ಸಿಸ್ಕನ್ ಗುರು ಕ್ರಿಸೋಸ್ಟಮ್ ವರ್ವಿಸ್ಟ್ ಒಂದು ಪ್ರಸಂಗವನ್ನು ದಾಖಲಿಸಿದ್ದಾರೆ. ಬರಾಗಾ ಒಬ್ಬ ಮಾರ್ಗದರ್ಶಿಯೊಂದಿಗೆ ಹೆಪ್ಪುಗಟ್ಟಿದ ಸರೋವರದ ಮೇಲೆ ನಡೆಯುತ್ತಿದ್ದಾಗ ಮಂಜುಗಡ್ಡೆ ದಡದಿಂದ ಕಿತ್ತುಕೊಂಡು ತೇಲತೊಡಗಿತಂತೆ. ಸುತ್ತಲೂ ನೀರು, ಮಾರ್ಗದರ್ಶಿ ಕಂಗಾಲು, ಗುರುಗಳು ಶಾಂತರು. ಗಾಳಿ ತಿರುಗಿ ಗಡ್ಡೆ ಅವರು ಹೋಗಬೇಕಾದ ಕಡೆಗೇ ಹೋಗಿ ತಾಗಿತು. ಕೇಳಿದವರು ಪವಾಡವೆನ್ನಬಹುದು. ಸುಪೀರಿಯರ್ ಸರೋವರದ ಗಾಳಿ ಬಲ್ಲವರು ಅದೃಷ್ಟವೆನ್ನಬಹುದು. ಆದರೆ ಆ ದಾರಿಯಲ್ಲಿ ಹಾಗೆ ತೇಲಿಹೋಗಿ ಮರಳಿ ಬಾರದವರೂ ಇದ್ದಿರಬೇಕು ಎಂಬುದನ್ನು ಮರೆಯಬಾರದು.

ಚಳಿಗಾಲದ ಕಾಲ್ನಡಿಗೆ ಎಷ್ಟು ಕ್ರೂರವಾಗಬಲ್ಲದು ಎಂಬುದಕ್ಕೆ ಬರಾಗಾರ ಜನರೇ ಸಾಕ್ಷಿ. 1842ರ ಒಪ್ಪಂದದಲ್ಲಿ ಓಜಿಬ್ವೆ ಜನ ತಾಮ್ರದ ನೆಲವನ್ನು ಸರಕಾರಕ್ಕೆ ಬಿಟ್ಟುಕೊಟ್ಟಿದ್ದರು. 1850ರಲ್ಲಿ ಅಧ್ಯಕ್ಷ ಟೇಲರ್ ಅವರನ್ನು ಅಲ್ಲಿಂದ ಪಶ್ಚಿಮಕ್ಕೆ ಒಕ್ಕಲೆಬ್ಬಿಸಲು ಆಜ್ಞೆ ಹೊರಡಿಸಿದರು. ವರ್ಷಾಶನ ಬೇಕಾದರೆ ದೂರದ ಸ್ಯಾಂಡಿ ಲೇಕ್‌ಗೆ ಬನ್ನಿ ಎಂದು ಕರೆದು, ಶರತ್ಕಾಲವೆಲ್ಲ ಕಾಯಿಸಿ, ಡಿಸೆಂಬರಿನಲ್ಲಿ ಬರಿಗೈಯೆಂಬಂತೆ ಕಳಿಸಿದರು. ಹಸಿವು, ಕಾಯಿಲೆ, ಮರಳುವ ಹಿಮದ ಹಾದಿ ಇವುಗಳಿಗೆ ಸುಮಾರು 400 ಜನ ಬಲಿಯಾದರು. ಬರಾಗಾ ಎಂಟು ವರ್ಷ ಸೇವೆ ಮಾಡಿದ್ದ ಲಾ ಪಾಯಿಂಟ್ ಕಡೆಯ ಜನರೂ ಅದರಲ್ಲಿದ್ದರು.

ಇಲ್ಲಿ ಅವರು ಹಿಂದೆ ಓದಿದ್ದ ಕಾನೂನು ಕೆಲಸಕ್ಕೆ ಬಂದಿತೆನ್ನಬೇಕು. ಲಾನ್ಸ್‌ನಲ್ಲಿ ಅವರು ಮಿಷನ್ ಸುತ್ತಲಿನ ಭೂಮಿಯನ್ನು ಹಣ ಕೊಟ್ಟು ಕೊಂಡು, ಅಲ್ಲಿ ಬುಡಕಟ್ಟು ಕುಟುಂಬಗಳನ್ನು ನೆಲೆಗೊಳಿಸಿದ್ದರು. ಕ್ರಯಪತ್ರ ಇರುವ ನೆಲದಿಂದ ಜನರನ್ನು ಎಬ್ಬಿಸುವುದು ಅಷ್ಟು ಸುಲಭವಲ್ಲ. 1854ರ ಒಪ್ಪಂದದಲ್ಲಿ ಲಾನ್ಸ್ ಜನರಿಗೆ ಅಲ್ಲಿಯೇ ಮೀಸಲು ಭೂಮಿ ಸಿಕ್ಕಿತು. ಅವರ ಸಂತತಿ ಇಂದಿಗೂ ಅಲ್ಲಿಯೇ ಇದೆ. ಬರಾಗಾ ತಮ್ಮ ಕಾಲದ ಮನುಷ್ಯರೇ. ಆ ಜನರ ಹಿರಿಯರ ಆಚರಣೆಗಳಲ್ಲಿ ಅವರು ಕತ್ತಲೆಯನ್ನಷ್ಟೇ ಕಂಡರು. ಹಳೆಯ ಪೂಜಾವಸ್ತುಗಳನ್ನು ಬಿಡಿಸಿದರು. ಅದನ್ನು ಇಂದು ನಾವು ಹಾಗೆಯೇ ಹೊಗಳಲಾರೆವು. ಆದರೆ ಭಾಷೆಯನ್ನು ಬಿಡಿಸಲಿಲ್ಲ. ಶಾಲೆಯಲ್ಲಿ ಮಕ್ಕಳಿಗೆ ಅವರ ನುಡಿಯಲ್ಲೇ ಓದು ಬರಹ ಕಲಿಸಿದರು. 1850ರಲ್ಲಿ ಓಜಿಬ್ವೆ ವ್ಯಾಕರಣ, 1853ರಲ್ಲಿ ನಿಘಂಟು ಪ್ರಕಟವಾದವು.

1853ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ದಿನ, ಸಿನ್ಸಿನಾಟಿಯಲ್ಲಿ ಅವರಿಗೆ ಧರ್ಮಾಧ್ಯಕ್ಷ ದೀಕ್ಷೆಯಾಯಿತು. ತಮ್ಮ ಮೊದಲ ಸುತ್ತೋಲೆಯನ್ನು ಓಜಿಬ್ವೆ ಭಾಷೆಯಲ್ಲೂ ಬರೆದರು. ಆಗ ಅವರಿಗೆ 56 ವರ್ಷ. ಧರ್ಮಾಧ್ಯಕ್ಷರಾದ ಮೇಲಾದರೂ ನಡಿಗೆ ನಿಂತಿತೇ? ಪೀಠವಿದ್ದ ಸೂ ಸೇಂಟ್ ಮೇರಿಯಿಂದ ಮ್ಯಾಕಿನಾ ಕಡೆಗೆ 80 ಕಿಲೋಮೀಟರಿಗೂ ಮಿಕ್ಕಿದ ಹಾದಿಯಲ್ಲಿ ಅರವತ್ತರ ವಯಸ್ಸಿನಲ್ಲೂ ಪಾದುಕೆ ಕಟ್ಟಿ ಹೋದರು. 1852ರಿಂದ 1863ರವರೆಗೆ ಬರೆದ ಅವರ ದಿನಚರಿ 1990ರಲ್ಲಿ ಪುಸ್ತಕವಾಗಿ ಬಂದಿದೆ. ಹಲವು ಭಾಷೆಗಳನ್ನು ಬೆರೆಸಿ ಬರೆದದ್ದು. ಆಧ್ಯಾತ್ಮಿಕ ಅನುಭವ ಹುಡುಕುವವರಿಗೆ ನಿರಾಸೆಯಾದೀತು. ಅದರ ತುಂಬ ಇರುವುದು ಹವಾಮಾನ, ದಾರಿ, ಹಡಗಿನ ವೇಳೆ, ಬಂದ ಪತ್ರ, ಕೊಟ್ಟ ಹಣ. ನನಗೆ ಅದೇ ಇಷ್ಟವಾಗುತ್ತದೆ.

ಕೊನೆಯ ವರ್ಷಗಳಲ್ಲಿ ಕಿವಿ ಮಂದವಾಯಿತು, ಕೈ ನಡುಗತೊಡಗಿತು. 1866ರಲ್ಲಿ ಪೀಠವನ್ನು ಮಾರ್ಕೆಟ್ ಎಂಬ ಊರಿಗೆ ಬದಲಾಯಿಸಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ಬಾಲ್ಟಿಮೋರ್‌ನಲ್ಲಿ ಅಮೆರಿಕಾದ ಎಲ್ಲ ಧರ್ಮಾಧ್ಯಕ್ಷರ ಮಹಾಸಭೆಗೆ ಹೋದಾಗ ಪಾರ್ಶ್ವವಾಯು ಬಡಿದು ಕೆಳಗೆ ಬಿದ್ದರು. ಬೆಚ್ಚಗಿನ ಊರಿನಲ್ಲೇ ಆರೈಕೆಗೆ ಉಳಿಯಬಹುದಿತ್ತು. ಅವರು ಜೊತೆಗೆ ಬಂದಿದ್ದ ಗುರುವನ್ನು ಬೇಡಿಕೊಂಡು, ಉತ್ತರದ ಚಳಿಗೇ ಮರಳಿದರು. 1868ರ ಜನವರಿ 19ರಂದು, ನಡುಚಳಿಗಾಲದಲ್ಲಿ, ಮಾರ್ಕೆಟ್‌ನಲ್ಲಿ ತೀರಿಕೊಂಡರು. 2012ರ ಮೇ 10ರಂದು ಜಗದ್ಗುರು ಹದಿನಾರನೇ ಬೆನೆಡಿಕ್ಟರ ಕಾಲದಲ್ಲಿ ಧರ್ಮಸಭೆ ಅವರನ್ನು ಪೂಜ್ಯರೆಂದು ಘೋಷಿಸಿತು. ಅವರ ಸಮಾಧಿ ಮಾರ್ಕೆಟ್‌ನ ಪ್ರಧಾನಾಲಯದಲ್ಲಿದೆ.

ಅವರ ನಿಘಂಟು 1992ರಲ್ಲಿ ಮತ್ತೆ ಅಚ್ಚಾಯಿತು. ಅಜ್ಜ ಅಜ್ಜಿಯರ ಬಾಯಲ್ಲಿ ಉಳಿದ ಭಾಷೆಯನ್ನು ಮತ್ತೆ ಕಲಿಯುತ್ತಿರುವ ಓಜಿಬ್ವೆ ಯುವಕರೂ ಅದನ್ನು ತೆರೆದು ನೋಡುತ್ತಾರೆ. ಅದರಲ್ಲಿ ಆಗಿಮ್ ಎಂಬ ಪದ ಸಿಗುತ್ತದೆ. ಹಿಮಪಾದುಕೆ ಎಂದು ಅರ್ಥ. ಅದರ ಚೌಕಟ್ಟಿಗೆ ಬಳಸುವ ಬೂದಿಮರಕ್ಕೆ ಆ ಜನ ಇಟ್ಟ ಹೆಸರು ಆಗಿಮಾಕ್, ಪಾದುಕೆಯ ಮರ.