ತಪ್ಪಿಗೊಂದು ಕಪ್ಪು ಚುಕ್ಕೆ

ಬಿ.ಕಾಂ. ಮುಗಿಸಿ ಎರಡು ವರ್ಷವಾಗಿತ್ತು. ಐದನೇ ಸಲವೂ ಗ್ರೂಪ್ ಡಿಸ್ಕಷನ್ ಸುತ್ತಿನಲ್ಲೇ ಹೊರಬಿದ್ದೆ. ಲೈಫ್ ಕೋಚ್ ಒಬ್ಬರನ್ನು ಕಾಣು ಎಂದು ಗೆಳೆಯರು ಸಲಹೆ ಕೊಟ್ಟರು. ವಿಚಾರಿಸಿದರೆ, ಅವರ ತಿಂಗಳ ಶುಲ್ಕ ನನ್ನ ಪಿ.ಜಿ. ಬಾಡಿಗೆಗಿಂತ ಹೆಚ್ಚು! ಅಪ್ಪನ ಬಳಿ ಮತ್ತೆ ದುಡ್ಡು ಕೇಳಲು ಮನಸ್ಸಾಗಲಿಲ್ಲ. ಓದಲೆಂದು ಹೋಗುತ್ತಿದ್ದ ಗ್ರಂಥಾಲಯದಲ್ಲಿ ಆಗ ಕೈಗೆ ಸಿಕ್ಕಿದ್ದು ಬೆಂಜಮಿನ್ ಫ್ರಾಂಕ್ಲಿನ್ ಆತ್ಮಕಥೆ.

ಮಿಂಚು ಎಂದರೆ ವಿದ್ಯುತ್ ಎಂದು ಹೇಳಿದ ವಿಜ್ಞಾನಿ, ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲಿ ಒಬ್ಬ ಎಂದಷ್ಟೇ ಆತನ ಬಗ್ಗೆ ನನಗೆ ಗೊತ್ತಿತ್ತು. ಆತನೂ ನನ್ನಂತೆ ಕೆಲಸಕ್ಕಾಗಿ ಅಲೆದವನು ಎಂಬುದು ಗೊತ್ತಿರಲಿಲ್ಲ.

ಫ್ರಾಂಕ್ಲಿನ್ ಹುಟ್ಟಿದ್ದು 1706ರಲ್ಲಿ, ಬಾಸ್ಟನ್‌ನಲ್ಲಿ. ಅಪ್ಪ ಮೇಣದಬತ್ತಿ, ಸಾಬೂನು ತಯಾರಿಸುತ್ತಿದ್ದ. 17 ಮಕ್ಕಳಲ್ಲಿ ಈತ 15ನೆಯವನು. ಹತ್ತನೇ ವಯಸ್ಸಿಗೇ ಶಾಲೆ ಮುಗಿಯಿತು. 12ಕ್ಕೆ ಅಣ್ಣನ ಮುದ್ರಣಾಲಯ ಸೇರಿದ. ಅಲ್ಲಿ ಏಟು ತಾಳಲಾರದೆ 17ಕ್ಕೆ ಮನೆ ಬಿಟ್ಟು ಓಡಿ, ಪುಡಿಗಾಸು ಹಿಡಿದು ಫಿಲಡೆಲ್ಫಿಯಾ ತಲುಪಿದ.

1727ರಲ್ಲಿ, 21ರ ಹರೆಯದಲ್ಲಿ, ಒಂದಷ್ಟು ಗೆಳೆಯರನ್ನು ಕಲೆಹಾಕಿ ಜಂಟೊ ಎಂಬ ಕೂಟ ಕಟ್ಟಿದ. ಅದರಲ್ಲಿ ಮುದ್ರಕರಿದ್ದರು, ಸರ್ವೇಯರ್ ಇದ್ದ, ಮರಗೆಲಸದವನಿದ್ದ. ಪ್ರತಿ ಶುಕ್ರವಾರ ಸಂಜೆ ಸೇರಿ ಒಬ್ಬರಿಗೊಬ್ಬರು ಪ್ರಶ್ನೆ ಹಾಕಿಕೊಳ್ಳುತ್ತಿದ್ದರು. ವಾದ ಬಿಸಿಯಾಗಬಾರದೆಂದು, ಎದುರಿನವರ ಮಾತನ್ನು ನೇರವಾಗಿ ತಳ್ಳಿಹಾಕಿದರೆ ಸಣ್ಣ ದಂಡವನ್ನೂ ಗೊತ್ತು ಮಾಡಿದರು!

ಮುಂದೆ ಫ್ರಾಂಕ್ಲಿನ್ ತನ್ನನ್ನು ತಾನೇ ತಿದ್ದಿಕೊಳ್ಳಲು ಒಂದು ಪುಟ್ಟ ಪುಸ್ತಕ ಮಾಡಿಕೊಂಡ. ಮಿತಾಹಾರ, ಮೌನ, ಶಿಸ್ತು, ಉಳಿತಾಯ ಹೀಗೆ ಗುಣಗಳ ಪಟ್ಟಿ. ಒಂದೊಂದಕ್ಕೂ ಒಂದೊಂದು ಪುಟ, ವಾರದ ಏಳು ದಿನಕ್ಕೆ ಏಳು ಕಾಲಂ. ತಪ್ಪಿದ ದಿನ ಒಂದು ಕಪ್ಪು ಚುಕ್ಕೆ. ವಾರಕ್ಕೊಂದು ಗುಣದ ಮೇಲೆ ಹೆಚ್ಚು ಗಮನ. ತನ್ನಲ್ಲಿ ಇಷ್ಟೊಂದು ತಪ್ಪುಗಳಿವೆಯೇ ಎಂದು ಆತನಿಗೇ ಅಚ್ಚರಿಯಾಯಿತಂತೆ. ಚುಕ್ಕೆ ಅಳಿಸಿ ಅಳಿಸಿ ಹಾಳೆ ತೂತು ಬಿತ್ತು. ವಸ್ತುಗಳನ್ನು ಅವುಗಳ ಜಾಗದಲ್ಲಿಡುವ ಶಿಸ್ತಂತೂ ಕೊನೆವರೆಗೂ ಬರಲಿಲ್ಲ.

ನನ್ನನ್ನು ತಟ್ಟಿದ್ದು ಮಾತ್ರ ಬೇರೆಯೇ ಸಂಗತಿ. ಮೊದಲ ಪಟ್ಟಿಯಲ್ಲಿದ್ದದ್ದು 12 ಗುಣ. ವಾದ ಮಾಡುವಾಗ ನೀನು ಸೊಕ್ಕಿನವನಂತೆ ಕಾಣುತ್ತೀಯೆ ಎಂದು ಗೆಳೆಯನೊಬ್ಬ ಉದಾಹರಣೆ ಸಮೇತ ಹೇಳಿದ. ಆಗ ವಿನಯ 13ನೆಯದಾಗಿ ಸೇರಿತು. ಅಂದಿನಿಂದ ಖಂಡಿತ, ನಿಸ್ಸಂದೇಹ ಎಂಬಂಥ ಪದಗಳನ್ನು ಬಿಟ್ಟು, ನನಗೆ ಹೀಗನ್ನಿಸುತ್ತದೆ ಎನ್ನುವ ಧಾಟಿಯಲ್ಲಿ ಮಾತಾಡುವುದನ್ನು ರೂಢಿಸಿಕೊಂಡ. ಜನ ತನ್ನ ಮಾತು ಕೇಳತೊಡಗಿದ್ದೇ ಇದರಿಂದ ಎಂದು ಮುಪ್ಪಿನಲ್ಲಿ ನೆನೆದಿದ್ದಾನೆ.

ಆ ಪುಸ್ತಕಕ್ಕೆ ಕಾಣದ ತಪ್ಪೂ ಇತ್ತು. ಫ್ರಾಂಕ್ಲಿನ್ ಮನೆಯಲ್ಲಿ ಗುಲಾಮರಿದ್ದರು. ಆ ಪದ್ಧತಿಯ ವಿರುದ್ಧದ ಸಂಘಕ್ಕೆ ಆತ ಅಧ್ಯಕ್ಷನಾದದ್ದು 1787ರಲ್ಲಿ, ಸಾವಿಗೆ ಮೂರೇ ವರ್ಷ ಮೊದಲು. ನಮ್ಮ ಪಟ್ಟಿಯಲ್ಲಿ ನಮಗೆ ಗೊತ್ತಿರುವ ತಪ್ಪುಗಳಷ್ಟೇ ಇರುತ್ತವೆ. ಉಳಿದವನ್ನು ತೋರಿಸಲು ಇನ್ನೊಬ್ಬರ ಕಣ್ಣು ಬೇಕು. ಒಳ್ಳೆಯ ಲೈಫ್ ಕೋಚ್ ಮಾಡುವುದೂ ಇದನ್ನೇ. ಸರಿಯಾದ ಪ್ರಶ್ನೆ ಕೇಳಿ, ನಾವು ಕೊಟ್ಟ ಮಾತನ್ನು ಮುಂದಿನ ವಾರ ನೆನಪಿಸುತ್ತಾರೆ. ಅನುಕೂಲ ಇದ್ದವರು ಅವರ ಬಳಿ ಹೋಗಲಿ. ಇಲ್ಲದವರಿಗೆ ಮುಚ್ಚುಮರೆಯಿಲ್ಲದೆ ಮಾತಾಡುವ ಒಬ್ಬ ಗೆಳೆಯನಾದರೂ ಸಿಗಲಿ.

ಪುಸ್ತಕ ಮುಚ್ಚಿಟ್ಟ ರಾತ್ರಿ ರೂಮ್‌ಮೇಟನ್ನು ಕೇಳಿದೆ, ನನ್ನಲ್ಲಿ ಏನು ತಪ್ಪಿದೆ ಹೇಳು ಎಂದು. ಅವನು ತುಂಬ ಹೊತ್ತು ಹಿಂಜರಿದ. ಕೊನೆಗೆ, ಯಾರು ಮಾತಾಡಿದರೂ ನೀನು ಪೂರ್ತಿ ಕೇಳುವುದೇ ಇಲ್ಲ, ನಡುವೆ ಬಾಯಿ ಹಾಕುತ್ತೀಯ ಎಂದ. ಸಿಟ್ಟು ಬಂತು. ಅದನ್ನು ಅಲ್ಲಗಳೆಯಲು ಹೊರಟಾಗಲೂ ಅವನ ಮಾತನ್ನು ಅರ್ಧಕ್ಕೇ ತಡೆದಿದ್ದೆ!

ಮರುದಿನ ಹತ್ತು ರೂಪಾಯಿಯ ನೋಟ್‌ಬುಕ್ ತಂದು ಏಳು ಕಾಲಂ ಎಳೆದೆ. ಮೊದಲ ವಾರ ತುಂಬಾ ಚುಕ್ಕೆಗಳೇ. ಭಾನುವಾರ ರಾತ್ರಿ ರೂಮ್‌ಮೇಟ್ ಅದನ್ನು ನೋಡುತ್ತಾನೆ, ನಾನು ಮರೆತ ಚುಕ್ಕೆಗಳನ್ನೂ ಸೇರಿಸುತ್ತಾನೆ. ಕೆಲಸ ಇನ್ನೂ ಸಿಕ್ಕಿಲ್ಲ. ಆದರೆ ಕಳೆದ ತಿಂಗಳು ಮೊದಲ ಸಲ ಗ್ರೂಪ್ ಡಿಸ್ಕಷನ್ ದಾಟಿ ಮುಂದಿನ ಸುತ್ತಿಗೆ ಹೋದೆ. ಅಪ್ಪ ಫೋನ್ ಮಾಡಿದಾಗ ಅವರ ಮಾತು ಮುಗಿಯುವವರೆಗೂ ಸುಮ್ಮನಿದ್ದೆ. ಆ ದಿನದ ಕಾಲಂ ಖಾಲಿ ಇದೆ.