ಮೈಸೂರು ಸೀಮೆಯ ದೊಡ್ಡ ಸ್ವಾಮಿಯವರು

ಜಾಲ್ಸೂರಿನಲ್ಲಿ ಮೈಸೂರಿನ ಬಸ್ಸು ಹತ್ತಿದರೆ ಸುಳ್ಯ, ಸಂಪಾಜೆ, ಮಡಿಕೇರಿ, ಹುಣಸೂರು ದಾಟಿ ಅದೇ ದಿನ ಮೈಸೂರು ಸೇರುತ್ತೀರಿ. ಅಲ್ಲಿಂದ ಶ್ರೀರಂಗಪಟ್ಟಣ ಬಹಳ ದೂರವಿಲ್ಲ. 1784ರಲ್ಲಿ ಟಿಪ್ಪು ಸುಲ್ತಾನನ ಸೈನಿಕರು ಕೆನರಾದ ನಮ್ಮ ಹಿರಿಯರನ್ನು ಘಟ್ಟ ಹತ್ತಿಸಿ ನಡೆಸಿಕೊಂಡು ಹೋದದ್ದು ಆ ಪಟ್ಟಣಕ್ಕೇ. ಹದಿನೈದು ವರ್ಷಗಳ ಸೆರೆವಾಸ, 1799ರಲ್ಲಿ ಅಳಿದುಳಿದವರು ಊರಿಗೆ ಮರಳಿದ್ದು, ಇದೆಲ್ಲವನ್ನೂ ನೀವು ಅಜ್ಜಿಯರ ಬಾಯಿಂದ ಕೇಳಿದ್ದೀರಿ. ಆದರೆ ಮರಳದೆ ಅಲ್ಲಿಯೇ ಉಳಿದವರ, ಮೈಸೂರು ಸೀಮೆಯ ಇತರ ಕ್ರೈಸ್ತರ ಗತಿ ಏನಾಯಿತು? ಅವರನ್ನು ಒಂದುಗೂಡಿಸಲು ಬಂದವರು ಒಬ್ಬ ಫ್ರೆಂಚ್ ಧರ್ಮಗುರು, ಅಬ್ಬೆ ದುಬುವಾ. ನಮ್ಮ ಪುತ್ತೂರು, ಸುಳ್ಯದ ಹವ್ಯಕರ ಮನೆಗಳಲ್ಲಿ ಅಬ್ಬೆ ಎಂದರೆ ತಾಯಿ. ಫ್ರೆಂಚರಲ್ಲಿ ಅದು ಪಾದ್ರಿಗಳನ್ನು ಕರೆಯುವ ಗೌರವದ ಹೆಸರು.

ಜಾನ್ ಆಂತ್ವಾನ್ ದುಬುವಾ ಅವರು ದಕ್ಷಿಣ ಫ್ರಾನ್ಸಿನ ಹಳ್ಳಿಯವರು. 1792ರಲ್ಲಿ, ಫ್ರಾನ್ಸಿನಲ್ಲಿ ಕ್ರಾಂತಿ ಉರಿಯುತ್ತಿದ್ದಾಗ, ಗುರುದೀಕ್ಷೆ ಪಡೆದು ಅದೇ ವರ್ಷ ಪ್ಯಾರಿಸ್ ವಿದೇಶಿ ಮಿಷನ್ ಸಂಸ್ಥೆಯ ಮೂಲಕ ಭಾರತಕ್ಕೆ ಹೊರಟರು. ಮೊದಲು ಪುದುಚೇರಿ ಮತ್ತು ತಮಿಳು ಸೀಮೆ. ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು. ತಮ್ಮ ಮನೆಗೆ ಅವರು ಮತ್ತೆಂದೂ ಹೋಗಬೇಕೆಂದು ಹೊರಟವರಲ್ಲ.

ಪರದೇಶದಿಂದ ಬಂದವನಿಗೆ ಇಲ್ಲಿ ಕಷ್ಟವಾಗುವುದು ಯಾವುದು? ಬಿಸಿಲು, ಜ್ವರ, ಖಾರ ಎಂದು ನೀವು ಹೇಳಬಹುದು. ದುಬುವಾ ಅವರ ಬರಹ ಓದಿದರೆ ಕಷ್ಟ ಬೇರೆಡೆ ಇತ್ತು ಎಂದು ಗೊತ್ತಾಗುತ್ತದೆ. ಯುರೋಪಿನವನು ಮೂಗು ಒರೆಸಿದ ಕರವಸ್ತ್ರವನ್ನು ಮಡಚಿ ಕಿಸೆಯಲ್ಲಿ ಇಟ್ಟುಕೊಂಡರೆ ಇಲ್ಲಿಯವರಿಗೆ ವಾಕರಿಕೆ ಬರುತ್ತಿತ್ತು. ಚರ್ಮದ ಬೂಟು, ಕೈಗವಸು ನೋಡಿದರೆ ಮೈಲಿಗೆ. ತುಟಿ ತಾಗಿಸಿ ನೀರು ಕುಡಿದರೆ ಎಂಜಲು. ದನದ ಮಾಂಸ ಮತ್ತು ಕುಡಿತದ ಮಾತಂತೂ ಬೇಡ. ತಾನು ನಾಗರಿಕನೆಂದುಕೊಂಡು ಬಂದವನು ನೆರೆಯವರ ಕಣ್ಣಿಗೆ ಕೊಳಕನಾಗಿ ಕಾಣುತ್ತಿದ್ದ! ಆಫ್ರಿಕಾದ ಮಿಷನ್ನಿಗೆ ಹೋಗಿ ಬಂದ ನಮ್ಮ ಸಿಸ್ಟರ್‌ಗಳನ್ನು ಕೇಳಿನೋಡಿ, ಇಂಥ ಒಂದಲ್ಲ ಒಂದು ಸಂಗತಿ ಅವರಲ್ಲಿಯೂ ಇದ್ದೀತು.

ದುಬುವಾ ಅವರು ಬಂದ ಹೊಸದರಲ್ಲಿಯೇ ಒಂದು ನಿಯಮ ಮಾಡಿಕೊಂಡರು: ಇಲ್ಲಿಯವರು ಬದುಕುವಂತೆಯೇ ಬದುಕುವುದು. ಉಡುಪು ಬದಲಾಯಿತು. ಗಡ್ಡ ಬೆಳೆಯಿತು, ತಲೆಗೆ ಮುಂಡಾಸು ಬಂತು. ಥಾಮಸ್ ಹಿಕಿ ಬರೆದ ಅವರ ಚಿತ್ರದಲ್ಲಿ ಕಾಣುವುದು ಈ ವೇಷವೇ. ತಮಗೆ ಸರಿಯೆನಿಸದ ಪದ್ಧತಿಗಳ ಮುಂದೆಯೂ ಅವರು ಮುಖ ಸಿಂಡರಿಸುತ್ತಿರಲಿಲ್ಲ. ಮೈಸೂರಿನ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ಬರೆದಿಟ್ಟಿರುವ ಪ್ರಕಾರ, ದುಬುವಾ ಅವರು ಊರಿಗೆ ಬರುತ್ತಿದ್ದಾರೆಂದರೆ ಅಲ್ಲಿ ಒಬ್ಬ ಬ್ರಾಹ್ಮಣರ ಮನೆಯನ್ನು ಅವರಿಗಾಗಿ ತೆರವು ಮಾಡಿಕೊಡುತ್ತಿದ್ದರು. ಸರಕಾರದ ಅಪ್ಪಣೆಯಿಂದಲ್ಲ, ಜನರು ತಾವಾಗಿಯೇ. ಹಳ್ಳಿಯವರು ಅವರನ್ನು ದೊಡ್ಡ ಸ್ವಾಮಿಯವರು ಎಂದೇ ಕರೆದರು.

ಶ್ರೀರಂಗಪಟ್ಟಣದ ಬಳಿಯ ಪಾಳಹಳ್ಳಿ, ಹಾಸನ ಬಳಿಯ ಸಾತಳ್ಳಿ, ಇವು ಅವರ ಹೆಸರಿನೊಂದಿಗೆ ಸೇರಿಕೊಂಡಿರುವ ಊರುಗಳು. ಸಾತಳ್ಳಿಯಲ್ಲಿ ಅವರು ದಿಕ್ಕುಗೆಟ್ಟ ಕ್ರೈಸ್ತ ಕುಟುಂಬಗಳನ್ನು ಬೇಸಾಯಕ್ಕೆ ನೆಲೆಗೊಳಿಸಿದರು. ಸಿಡುಬಿಗೆ ದೇವಿ ಹಾಕಿಸುವ ಕೆಲಸಕ್ಕೂ ಇಳಿದರು. ಜೆನ್ನರ್ ಆ ಚುಚ್ಚುಮದ್ದನ್ನು ಪ್ರಯೋಗಿಸಿ ನೋಡಿದ್ದು 1796ರಲ್ಲಿ. ಅದು ಮುಂಬಯಿಗೆ ಬಂದದ್ದು 1802ರಲ್ಲಿ. ಒಬ್ಬನ ತೋಳಿನ ಹುಣ್ಣಿನ ರಸವನ್ನು ಇನ್ನೊಬ್ಬನ ತೋಳಿಗೆ ಹಾಕುವ ಕ್ರಮ ಆಗಿನದು. ಜಾತಿಯ ಮಡಿ ಮೈಲಿಗೆಯ ನಾಡಿನಲ್ಲಿ ಇದಕ್ಕೆ ತೋಳು ಚಾಚುವಂತೆ ಜನರನ್ನು ಒಪ್ಪಿಸುವುದೆಂದರೆ ಏನೆಂದು ನೀವೇ ಯೋಚಿಸಿ. ಅವರು ಹೇಳಿದರೆ ಜನ ಕೇಳಿದರು.

ಇಷ್ಟೆಲ್ಲ ಬೆರೆತವರ ಮನಸ್ಸು ಮಾತ್ರ ಸುಲಭವಾಗಿ ಕರಗಿದ್ದಲ್ಲ. ಟಿಪ್ಪುವಿನ ಕಾಲದಲ್ಲಿ ಬಲವಂತಕ್ಕೆ ಒಳಗಾಗಿ ಧರ್ಮ ಬಿಟ್ಟವರಲ್ಲಿ ಹೆಚ್ಚಿನವರು ಆತನ ಪತನದ ನಂತರ ಪಶ್ಚಾತ್ತಾಪಪಟ್ಟು ಕ್ರೈಸ್ತಸಭೆಗೆ ಮರಳಿದರು. ಅವರನ್ನು ಬರಮಾಡಿಕೊಂಡ ದುಬುವಾ ಅವರೇ ಮುಂದೆ, ಇಷ್ಟು ಸಾವಿರ ಜನರಲ್ಲಿ ಒಬ್ಬನೂ ವಿಶ್ವಾಸಕ್ಕಾಗಿ ಪ್ರಾಣ ಕೊಡಲಿಲ್ಲವೆಂದು ಕಟುವಾಗಿ ಬರೆದರು. ಆ ಸೆರೆವಾಸದ ಮಕ್ಕಳ ಮಕ್ಕಳಾದ ನಮಗೆ ಇದು ಚುಚ್ಚುತ್ತದೆ. ಚುಚ್ಚಬೇಕಾದದ್ದೇ. ಆದರೆ ಕ್ರಾಂತಿಯ ಫ್ರಾನ್ಸನ್ನು ಬಿಟ್ಟು ಹಡಗು ಹತ್ತಿದವರು, ಮಕ್ಕಳನ್ನು ಸೊಂಟದಲ್ಲಿ ಇಟ್ಟುಕೊಂಡು ಘಟ್ಟ ಹತ್ತಿದ ತಾಯಂದಿರನ್ನು ಇಷ್ಟು ಬಿರುಸಾಗಿ ಅಳೆಯಬಾರದಿತ್ತು ಎಂದು ನನಗನಿಸುತ್ತದೆ.

ಅವರ ಕೀರ್ತಿಗೆ ಕಾರಣವಾದದ್ದು ಹಿಂದೂಗಳ ಆಚಾರ ವಿಚಾರಗಳನ್ನು ಕುರಿತ ಪುಸ್ತಕ. ಮದ್ರಾಸಿನ ಕಂಪನಿ ಸರಕಾರ ಅದರ ಹಸ್ತಪ್ರತಿಯನ್ನು ಹಣ ಕೊಟ್ಟು ಕೊಂಡುಕೊಂಡಿತು. 1816ರಲ್ಲಿ ಲಂಡನ್ನಿನಲ್ಲಿ ಇಂಗ್ಲಿಷ್ ಅನುವಾದ ಅಚ್ಚಾಯಿತು. ಆಳುವವರಿಗೆ ಅದು ಕೈಪಿಡಿಯಂತಾಯಿತು. ಬಹು ಕಾಲದ ನಂತರ, ಇಪ್ಪತ್ತನೆಯ ಶತಮಾನದಲ್ಲಿ, ಫ್ರಾನ್ಸಿನ ವಿದ್ವಾಂಸೆ ಸಿಲ್ವಿಯಾ ಮ್ಯೂರ್ ಅವರು ಆ ಪುಸ್ತಕದ ಬಹುಭಾಗ ಪುದುಚೇರಿಯ ಜೆಸ್ವಿತ್ ಪಾದ್ರಿ ಕೆರ್ದೂ ಅವರ ಹಿಂದಿನ ಬರಹದಿಂದ ಬಂದದ್ದೆಂದು ತೋರಿಸಿಕೊಟ್ಟರು. ಕೆರ್ದೂ ಅವರು 1779ರಲ್ಲಿಯೇ ತೀರಿಕೊಂಡಿದ್ದರು. ಅವರ ಹೆಸರನ್ನು ದುಬುವಾ ಹೇಳಲೇ ಇಲ್ಲ. ಜೀವನಚರಿತ್ರೆ ಬರೆಯುವವರು ಇದನ್ನು ಮುಚ್ಚಿಡಬಾರದು. ಬದುಕಿದ ಬದುಕು ಅವರದೇ. ಬರೆದ ಪುಸ್ತಕದಲ್ಲಿ ಇನ್ನೊಬ್ಬರ ಬೆವರೂ ಇತ್ತು.

ಕೊನೆಕೊನೆಗೆ ಅವರನ್ನು ನಿರಾಶೆ ಆವರಿಸಿತು. ಇಷ್ಟು ವರ್ಷಗಳಲ್ಲಿ, ಇಲ್ಲಿಯ ಒಬ್ಬ ಗುರುಗಳ ನೆರವಿನೊಂದಿಗೆ, ದೀಕ್ಷಾಸ್ನಾನಕ್ಕೆ ಕರೆತಂದದ್ದು ಇನ್ನೂರು ಮುನ್ನೂರು ಜನರನ್ನಷ್ಟೇ ಎಂದು ಅವರೇ ಲೆಕ್ಕ ಕೊಟ್ಟಿದ್ದಾರೆ. ಅವರಲ್ಲಿ ಹೆಚ್ಚಿನವರು ಸಮಾಜ ಹೊರಗಿಟ್ಟವರು ಮತ್ತು ಭಿಕ್ಷುಕರು. ಇದನ್ನು ಅವರು ಸೋಲಿನ ಮಾತಾಗಿ ಬರೆದರು. ಹೊರಗಿಟ್ಟವರು ಬಂದದ್ದು ಸೋಲು ಹೇಗಾದೀತು, ನೀವೇ ಹೇಳಿ. 1823ರಲ್ಲಿ ಪ್ರಕಟವಾದ ಪತ್ರಗಳಲ್ಲಿ, ಈ ನಾಡಿನಲ್ಲಿ ಸುವಾರ್ತೆಯ ಕೆಲಸ ಫಲಿಸದೆಂದು ಅವರು ಸಾರಿಬಿಟ್ಟರು. ಪ್ರೊಟೆಸ್ಟೆಂಟ್ ಮಿಷನರಿಗಳು ಸಿಟ್ಟಿಗೆದ್ದು ಉತ್ತರದ ಪುಸ್ತಕಗಳನ್ನೇ ಬರೆದರು.

ಅದೇ 1823ರ ಜನವರಿಯಲ್ಲಿ ಅವರು ಭಾರತ ಬಿಟ್ಟರು. ಕಂಪನಿ ಪ್ರಯಾಣದ ಖರ್ಚನ್ನೂ ಪಿಂಚಣಿಯನ್ನೂ ಕೊಟ್ಟಿತು. ಮೂವತ್ತು ವರ್ಷ ಮೀರಿ ಇಲ್ಲಿ ಬದುಕಿದವರು ಪ್ಯಾರಿಸ್ಸಿನಲ್ಲಿ ಕುಳಿತು ಪಂಚತಂತ್ರದ ಕತೆಗಳನ್ನು ಫ್ರೆಂಚಿಗೆ ತಂದರು. 1826ರಲ್ಲಿ ಅದು ಅಚ್ಚಾಯಿತು. ವಿದೇಶಿ ಮಿಷನ್ ಸಂಸ್ಥೆಯ ಗುರುಮಠದಲ್ಲಿ ಹೊಣೆ ಹೊತ್ತು, 1836ರಿಂದ ಕೆಲವು ವರ್ಷ ಅದರ ಮುಖ್ಯಸ್ಥರೂ ಆದರು. ಫಲವಿಲ್ಲವೆಂದು ತಾವೇ ಬರೆದ ಕೆಲಸಕ್ಕೆ ಹೊಸ ಹುಡುಗರನ್ನು ಅಣಿಗೊಳಿಸುತ್ತಿದ್ದ ಆ ಮನೆಯಲ್ಲಿಯೇ ಅವರು 1848ರ ಫೆಬ್ರವರಿಯವರೆಗೆ ಬಾಳಿದರು.