ಎಲಾ ಫಿಟ್ಜೆರಾಲ್ಡ್: ಶಾಲೆಯ ಗಾಯನ ತಂಡಕ್ಕೆ ಬೇಡವಾದ ದನಿ ಅಮೆರಿಕದ ದನಿಯಾದ ಕತೆ

1955ರ ಅಕ್ಟೋಬರ್ 7. ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್ ನಗರದ ಮ್ಯೂಸಿಕ್ ಹಾಲ್‌ನಲ್ಲಿ ಅವತ್ತು ಎರಡು ಷೋ. ಮೊದಲ ಷೋ ನಡೆಯುತ್ತಿರುವಾಗಲೇ ಪೊಲೀಸರು ಗಾಯಕಿ ಎಲಾ ಫಿಟ್ಜೆರಾಲ್ಡ್ ಅವರ ಡ್ರೆಸ್ಸಿಂಗ್ ರೂಮಿಗೆ ನುಗ್ಗಿದರು. ಒಂದು ಮೂಲೆಯಲ್ಲಿ ಕೆಲವು ವಾದ್ಯಗಾರರು ದಾಳ ಹಾಕಿ ಆಡುತ್ತಿದ್ದರು. ಎಲಾ ಆಟದಲ್ಲೂ ಇರಲಿಲ್ಲ, ಪೈ ತಿಂದು ಕಾಫಿ ಕುಡಿಯುತ್ತಿದ್ದರು. ಆದರೂ ಜೂಜಿನ ಕೇಸು ಬಿತ್ತು. ಎಲಾ, ಅವರ ಸಹಾಯಕಿ, ಟ್ರಂಪೆಟ್ ವಾದಕ ಡಿಜ್ಜಿ ಗಿಲೆಸ್ಪಿ, ಕಾರ್ಯಕ್ರಮದ ಆಯೋಜಕ ನಾರ್ಮನ್ ಗ್ರಾಂಜ್ ಎಲ್ಲರನ್ನೂ ಠಾಣೆಗೆ ಕರೆದೊಯ್ದರು. ತಲಾ 10 ಡಾಲರ್ ಜಾಮೀನು ಕಟ್ಟಿ, ವಾಪಸ್ ಬಂದು, ಎರಡನೇ ಷೋ ಹಾಡಿ ಮುಗಿಸಿದರು. ಆಮೇಲೆ ಕೇಸು ಬಿದ್ದುಹೋಯಿತು.

ದಾಳ ಬರೀ ನೆಪ. ಅಸಲಿ ವಿಷಯ ಹೊರಗೆ ಸಭಾಂಗಣದಲ್ಲಿತ್ತು. ಬಿಳಿಯರಿಗೊಂದು ಕಡೆ, ಕರಿಯರಿಗೊಂದು ಕಡೆ ಅಂತ ಸೀಟು ಹಂಚಲು ಗ್ರಾಂಜ್ ಒಪ್ಪಿರಲಿಲ್ಲ. ಎಲ್ಲರೂ ಅಕ್ಕಪಕ್ಕ ಕೂರಬೇಕು ಅನ್ನೋದು ಅವರ ಕರಾರಿನಲ್ಲೇ ಬರೆದಿರುತ್ತಿದ್ದ ಷರತ್ತು. ಆ ಷರತ್ತಿನ ಮುಂದೆ ನಿಂತು ಹಾಡುತ್ತಿದ್ದವರು ಎಲಾ.

ಕಪ್ಪು ಜನರ ಹೋರಾಟ ಮತ್ತು ಸಂಗೀತದ ಮಾತು ಬಂದಾಗ ನಾವು ಬಿಲ್ಲಿ ಹಾಲಿಡೇ, ನೀನಾ ಸಿಮೋನ್ ಹೆಸರು ಹೇಳುತ್ತೇವೆ. ಹೇಳಲೇಬೇಕು. ಆದರೆ ಎಲಾ ಆ ಪಟ್ಟಿಯಲ್ಲಿ ಕಾಣುವುದೇ ಅಪರೂಪ. ಆಕೆ ಹಾಡಿದ್ದೆಲ್ಲ ಪ್ರೀತಿ ಪ್ರೇಮದ ಹಾಡು, ರಾಜಕೀಯ ಎಲ್ಲಿದೆ ಅನ್ನೋದು ಕಾರಣ. ಈ ಪ್ರಶ್ನೆಗೆ ಉತ್ತರ ಬೇಕಾದರೆ ಆಕೆಯ ಬದುಕನ್ನು ಮೊದಲಿಂದ ನೋಡಬೇಕು.

ಎಲಾ ಹುಟ್ಟಿದ್ದು 1917ರ ಏಪ್ರಿಲ್ 25ರಂದು, ವರ್ಜೀನಿಯಾದ ನ್ಯೂಪೋರ್ಟ್ ನ್ಯೂಸ್‌ನಲ್ಲಿ. ಅಪ್ಪ ಅಮ್ಮ ಬೇರೆಯಾದ ಮೇಲೆ ತಾಯಿಯ ಜೊತೆ ನ್ಯೂಯಾರ್ಕ್ ಪಕ್ಕದ ಯಾಂಕರ್ಸ್‌ಗೆ ಬಂದರು. 1932ರಲ್ಲಿ ತಾಯಿ ತೀರಿಕೊಂಡರು. ಹಾರ್ಲೆಮ್‌ನಲ್ಲಿದ್ದ ಚಿಕ್ಕಮ್ಮನ ಮನೆ ಸೇರಿದ ಹುಡುಗಿ ಶಾಲೆ ಬಿಟ್ಟಳು. ಅಕ್ರಮ ಲಾಟರಿಯ ಚೀಟಿ ಮುಟ್ಟಿಸುವುದು, ವೇಶ್ಯಾಗೃಹದ ಬಾಗಿಲಲ್ಲಿ ನಿಂತು ಪೊಲೀಸರು ಬಂದರೆ ಸುಳಿವು ಕೊಡುವುದು, ಹೀಗೆ ಸಿಕ್ಕ ಕೆಲಸ ಮಾಡಿದಳು. ಮಹಾ ಆರ್ಥಿಕ ಕುಸಿತದ ಕಾಲ ಅದು. ಸರ್ಕಾರ ಅವಳನ್ನು ಹಡ್ಸನ್ ಎಂಬ ಊರಿನ ಬಾಲಕಿಯರ ಸುಧಾರಣಾ ಶಾಲೆಗೆ ಹಾಕಿತು.

ಅಲ್ಲಿ ಕಪ್ಪು ಹುಡುಗಿಯರಿಗೆ ಬೇರೆ ವಸತಿ, ಅದರ ಜೊತೆಗೆ ಹೊಡೆತ. ಶಾಲೆಗೊಂದು ಗಾಯನ ತಂಡವಿತ್ತು, ಅದರಲ್ಲಿ ಬಿಳಿಯ ಹುಡುಗಿಯರಿಗೆ ಮಾತ್ರ ಜಾಗ. ಅಮೆರಿಕದ ಶ್ರೇಷ್ಠ ಕಂಠಗಳಲ್ಲಿ ಒಂದು ಅದೇ ಆವರಣದಲ್ಲಿತ್ತು, ಆದರೆ ತಂಡಕ್ಕೆ ಬೇಡವಾಗಿತ್ತು.

ಅಲ್ಲಿಂದ ಹೊರಬಂದಾಗ ಮನೆ ಅನ್ನೋದೇ ಇರಲಿಲ್ಲ. 1934ರ ನವೆಂಬರ್ 21ರಂದು ಹಾರ್ಲೆಮ್‌ನ ಅಪೊಲೊ ಥಿಯೇಟರ್‌ನಲ್ಲಿ ಹವ್ಯಾಸಿಗಳ ಸ್ಪರ್ಧೆ. 17 ವರ್ಷದ ಎಲಾ ಹೆಸರು ಕೊಟ್ಟಿದ್ದು ಡ್ಯಾನ್ಸ್ ಮಾಡೋಕೆ. ಆದರೆ ತನಗಿಂತ ಮೊದಲು ಎಡ್ವರ್ಡ್ಸ್ ಸಿಸ್ಟರ್ಸ್ ಕುಣಿದ ಪರಿ ನೋಡಿ ಧೈರ್ಯ ಹೋಯಿತು. ವೇದಿಕೆಗೆ ಬಂದವಳು ಹಾಡಿಬಿಟ್ಟಳು. ಮೊದಲ ಬಹುಮಾನ ಸಿಕ್ಕಿತು.

ಮರುವರ್ಷ ಡ್ರಮ್ ವಾದಕ ಚಿಕ್ ವೆಬ್ ಅವರ ಬ್ಯಾಂಡ್ ಸೇರಿದರು. 1938ರಲ್ಲಿ ಮಕ್ಕಳ ಪದ್ಯವೊಂದನ್ನು ಹಿಗ್ಗಿಸಿ ಹಾಡಿದ 'ಎ ಟಿಸ್ಕೆಟ್ ಎ ಟಾಸ್ಕೆಟ್' ದೇಶದ ತುಂಬ ಹಿಟ್ ಆಯಿತು. 1939ರಲ್ಲಿ ವೆಬ್ ತೀರಿಕೊಂಡಾಗ, ಗಂಡಸರೇ ತುಂಬಿದ್ದ ಆ ಬ್ಯಾಂಡನ್ನು ಮುನ್ನಡೆಸಿದ್ದು 22 ವರ್ಷದ ಎಲಾ. 1940ರ ದಶಕದಲ್ಲಿ ಗಿಲೆಸ್ಪಿ ಜೊತೆ ಸುತ್ತಾಡಿ, ಪದಗಳನ್ನೇ ಬಿಟ್ಟು ಬರೀ ಉಲಿಗಳಲ್ಲಿ ಟ್ರಂಪೆಟ್ಟಿನಂತೆ ಓಡುವ ಸ್ಕ್ಯಾಟ್ ಗಾಯನವನ್ನು ತಮ್ಮದಾಗಿಸಿಕೊಂಡರು.

ಆದರೆ ಎಲಾ ಉಳಿದಿರುವುದು ಮುಖ್ಯವಾಗಿ ಇನ್ನೊಂದು ಕೆಲಸದಿಂದ. ಬ್ರಾಡ್‌ವೇ ನಾಟಕಗಳಿಗೆ, ಹಾಲಿವುಡ್ ಸಿನಿಮಾಗಳಿಗೆ ಬರೆದ ಹಾಡುಗಳು ಅಮೆರಿಕದಲ್ಲಿ ರಾಶಿ ರಾಶಿ ಇದ್ದವು. ನಾಟಕದ ಪರದೆ ಇಳಿದರೆ ಎಷ್ಟೋ ಹಾಡುಗಳ ಕತೆಯೂ ಮುಗಿಯುತ್ತಿತ್ತು. 1956ರಿಂದ 1964ರವರೆಗೆ ಎಲಾ ಮತ್ತು ಗ್ರಾಂಜ್ ಅವನ್ನು ಒಬ್ಬೊಬ್ಬ ಹಾಡುಗಾರಿಕೆಯ ಕರ್ತೃವಿನ ಹೆಸರಲ್ಲಿ ಒಟ್ಟು ಮಾಡಿದರು. ಕೋಲ್ ಪೋರ್ಟರ್‌ನಿಂದ ಶುರುವಾಗಿ ಒಟ್ಟು 8 'ಸಾಂಗ್‌ಬುಕ್'ಗಳು. 1959ರ ಗರ್ಶ್ವಿನ್ ಸಹೋದರರ ಸಂಪುಟ ಒಂದರಲ್ಲೇ 53 ಹಾಡುಗಳಿವೆ.

ಇಲ್ಲಿ ಎಲಾ ತನ್ನ ಪ್ರತಾಪ ತೋರಿಸುವುದಿಲ್ಲ. ಒಂದೊಂದು ಅಕ್ಷರವೂ ಸ್ಪಷ್ಟ, ಶ್ರುತಿ ಕೂದಲೆಳೆಯಷ್ಟೂ ಅತ್ತಿತ್ತ ಇಲ್ಲ. ಬೇರೆಯವರು ಬಿಟ್ಟು ಹಾಡುತ್ತಿದ್ದ ಪೀಠಿಕೆಯ ಸಾಲುಗಳನ್ನೂ ಎಷ್ಟೋ ಹಾಡುಗಳಲ್ಲಿ ಹಾಡಿದರು. ಹಾಡು ಮೊದಲು, ತಾನು ಆಮೇಲೆ. ಹಾಗಾಗಿಯೇ ಕೇಳುಗರಿಗೆ ಅವು ಹಳೇ ಸಿನಿಮಾ ಹಾಡುಗಳಾಗಿ ಉಳಿಯದೆ ಒಂದು ಪರಂಪರೆಯಾಗಿ ಕೇಳಿಸಿದವು.

ಆ ಪರಂಪರೆ ಯಾರದ್ದು ನೋಡಿ. ಇರ್ವಿಂಗ್ ಬರ್ಲಿನ್ ರಷ್ಯಾ ಸಾಮ್ರಾಜ್ಯದಿಂದ ವಲಸೆ ಬಂದ ಯಹೂದಿ. ಗರ್ಶ್ವಿನ್ ಸಹೋದರರು ಯಹೂದಿ ವಲಸಿಗರ ಮಕ್ಕಳು. ಕೋಲ್ ಪೋರ್ಟರ್ ತನ್ನ ಸಲಿಂಗ ಪ್ರೀತಿಯನ್ನು ಲೋಕದಿಂದ ಮುಚ್ಚಿಟ್ಟು ಬದುಕಿದವನು. ಇವರದೇ ಸಾಲಿನಲ್ಲಿ 1957ರಲ್ಲಿ ಕಪ್ಪು ಸಂಗೀತಗಾರ ಡ್ಯೂಕ್ ಎಲಿಂಗ್ಟನ್‌ಗೂ ಸಮಸಮ ಜಾಗ ಸಿಕ್ಕಿತು. ಇಡೀ ಸರಣಿಯನ್ನು ಹಾಡಿದ್ದು ಸರ್ಕಾರಿ ಸುಧಾರಣಾ ಶಾಲೆಯಿಂದ ಬಂದ ಕಪ್ಪು ಹೆಣ್ಣುಮಗಳು. ಇದಕ್ಕಿಂತ ಅಮೆರಿಕದ ಹಾಡು ಇನ್ನೇನಿದೆ?

ಇಷ್ಟಾದರೂ ಒಂದು ಟೀಕೆ ಎಲಾ ಬೆನ್ನು ಬಿಡಲಿಲ್ಲ. ದನಿಯಲ್ಲಿ ನೋವಿಲ್ಲ, ಬಿಲ್ಲಿ ಹಾಲಿಡೇಯ ಸಂಕಟ ಇಲ್ಲ ಅನ್ನೋದು. ಈ ಟೀಕೆಯನ್ನು ಸ್ವಲ್ಪ ತಿರುಗಿಸಿ ನೋಡಬೇಕು. ದಮನಕ್ಕೆ ಒಳಗಾದವರು ತಮ್ಮ ಗಾಯ ಬಿಚ್ಚಿ ತೋರಿಸಿದರಷ್ಟೇ ನಿಜವಾದ ಕಲೆ ಅಂತ ಬಯಸುವ ನಾವು ಯಾರು? ಪ್ರಗತಿಪರರು ಅಂದುಕೊಂಡ ನಮ್ಮಲ್ಲೂ ಈ ಚಾಳಿ ಇದೆ. ಎಲಾಗೆ ನೋವು ಗೊತ್ತಿತ್ತು. ಅದನ್ನು ಮಾರುವುದಿಲ್ಲ ಅಂತ ತೀರ್ಮಾನ ಮಾಡಿದ್ದಂತೆ ಕಾಣುತ್ತದೆ. ಸಂತೋಷವೂ ತನ್ನ ಹಕ್ಕು ಅಂತ ಹಾಡಿದರು.

ಹಾಗಂತ ಸುಮ್ಮನಿದ್ದವರಲ್ಲ. 1954ರಲ್ಲಿ ಆಸ್ಟ್ರೇಲಿಯಾಕ್ಕೆ ಹೋಗುವಾಗ ಹೊನೊಲುಲುವಿನಲ್ಲಿ ಟಿಕೆಟ್ ಇದ್ದರೂ ವಿಮಾನ ಹತ್ತಲು ಬಿಡಲಿಲ್ಲ. ಎಲಾ ಪ್ಯಾನ್ ಆಮ್ ಕಂಪನಿಯ ಮೇಲೆ ಜನಾಂಗ ತಾರತಮ್ಯದ ದಾವೆ ಹೂಡಿದರು. ಅದು ರಾಜಿಯಲ್ಲಿ ಮುಗಿಯಿತು. 1963ರಲ್ಲಿ ನ್ಯೂಯಾರ್ಕ್‌ನ ರೇಡಿಯೊ ಸಂದರ್ಶನವೊಂದರಲ್ಲಿ ವರ್ಣಭೇದದ ಬಗ್ಗೆ ಮನಸ್ಸು ಬಿಚ್ಚಿ ಮಾತಾಡಿದರು. ಅದು ಆಗ ಪ್ರಸಾರವೇ ಆಗಲಿಲ್ಲ. ಎಲಾಗೆ ರಾಜಕೀಯ ಇರಲಿಲ್ಲ ಅನ್ನುವವರು ಇದನ್ನೂ ಲೆಕ್ಕಕ್ಕೆ ತಗೋಬೇಕು.

ಮುಂದೆ 13 ಗ್ರ್ಯಾಮಿ ಪ್ರಶಸ್ತಿಗಳು, ಅಧ್ಯಕ್ಷರ ಕೈಯಿಂದ ಪದಕಗಳು ಬಂದವು. ಸಕ್ಕರೆ ಕಾಯಿಲೆಯಿಂದ ಕಣ್ಣು ಮಂದವಾಯಿತು, 1993ರಲ್ಲಿ ಎರಡೂ ಕಾಲು ಕತ್ತರಿಸಬೇಕಾಯಿತು. 1996ರ ಜೂನ್ 15ರಂದು ಬೆವರ್ಲಿ ಹಿಲ್ಸ್‌ನ ಮನೆಯಲ್ಲಿ ತೀರಿಕೊಂಡರು.

ಸುಧಾರಣಾ ಶಾಲೆಯ ದಿನಗಳ ಬಗ್ಗೆ ಎಲಾ ಸಾರ್ವಜನಿಕವಾಗಿ ಬಾಯಿ ಬಿಟ್ಟವರಲ್ಲ. ಆ ಕತೆ ವಿವರವಾಗಿ ಪತ್ರಿಕೆಗೆ ಬಂದಿದ್ದು ಅವರು ಸತ್ತ ಸುಮಾರು ಒಂದು ವಾರಕ್ಕೆ. ಅದರಿಂದಲೇ ಇನ್ನೊಂದು ವಿಷಯವೂ ಗೊತ್ತಾಯಿತು. ಬಹಳ ವರ್ಷಗಳ ನಂತರ ಆ ಶಾಲೆಯ ಆಡಳಿತ ಅವರನ್ನು ಗೌರವ ಅತಿಥಿಯಾಗಿ ಕರೆದಿತ್ತು. ಎಲಾ ಹೋಗಲಿಲ್ಲ.